ಮೇಸ್ತ್ರಿಯ ಮೊಣಕಾಲಿಗೆ ಯಾವ ಸ್ಕ್ರೂ

ಸ್ಕ್ರೂ ಕಡೆಯುವ ಮನುಷ್ಯನ ಮುಂದೆ ಸ್ಕ್ರೂ ಇಟ್ಟು 'ನಿಮಗೆ ಯಾವುದು ಬೇಕೋ ಯೋಚಿಸಿ ಹೇಳಿ' ಅನ್ನಬಾರದು. ಡಾಕ್ಟರಮ್ಮನಿಗೆ ಇದು ಗೊತ್ತಿರಲಿಲ್ಲ, ಪಾಪ. ರೋಗಿಯನ್ನೂ ಒಂದು ಮಾತು ಕೇಳಬೇಕು ಎಂಬ ಮರ್ಯಾದೆ ಇದ್ದ ಹೆಂಗಸು, ಒಳ್ಳೆಯದಕ್ಕೇ ಹೇಳಿದರು. ಮೇಜಿನ ಡ್ರಾಯರ್ ಎಳೆದು, ಸಣ್ಣ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಮೂರು ಸ್ಕ್ರೂ ಇಟ್ಟು ಮೇಸ್ತ್ರಿಯ ಕಡೆಗೆ ತಳ್ಳಿದರು. ಮೇಸ್ತ್ರಿ ಅಂಗಿಯ ಜೇಬಿನಿಂದ ಕನ್ನಡಕ ತೆಗೆದರು. ಅದರ ಹಿಂದೆಯೇ, ಕೂದಲೆಳೆಯ ದಪ್ಪವನ್ನೂ ಅಳೆದು ಹೇಳುವ ತಮ್ಮ ಉಕ್ಕಿನ ವರ್ನಿಯರ್ ಪಟ್ಟಿಯನ್ನೂ ತೆಗೆದರು. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಗೆ ಅಲ್ಲಿಗೇ ತಿಳಿದುಹೋಯಿತು, ಇದು ಇವತ್ತಿಗೆ ಮುಗಿಯುವ ಮಾತಲ್ಲ ಎಂದು. ಅವಳು ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಿ ನೆಲದ ಮೇಲಿಟ್ಟಳು.

ಮೇಸ್ತ್ರಿ ಅಂದರೆ ಲೇತ್ ಮೇಸ್ತ್ರಿ. ಮೀಸೆ ಚಿಗುರುವ ಮೊದಲೇ ಲೇತ್ ಯಂತ್ರದ ಮುಂದೆ ನಿಂತವರು. ಈಗ ಮೀಸೆ ಅರ್ಧ ನರೆತಿದೆ, ಮನುಷ್ಯ ಇನ್ನೂ ಅಲ್ಲೇ ನಿಂತಿದ್ದಾರೆ. ಗರಗರ ತಿರುಗುವ ಕಬ್ಬಿಣದ ಸರಳಿಗೆ ಹರಿತವಾದ ಉಳಿ ತಾಗಿಸಿ ಥ್ರೆಡ್, ಅಂದರೆ ಸ್ಕ್ರೂವಿನ ಸುರುಳಿ ಗೀರು, ಕಡೆಯುವುದು ಅವರ ಕಸುಬು. ಅವರು ಕಡೆದ ಬೋಲ್ಟಿಗೆ ನಟ್ಟು ಹಾಕಿ ಒಂದೇ ಬೆರಳಲ್ಲಿ ತಿರುಗಿಸಿದರೆ ಸಾಕು, ಸದ್ದಿಲ್ಲದೆ ಕೊನೆಯವರೆಗೂ ಹೋಗಿ ಕೂರುತ್ತದೆ. ವರ್ಕ್‌ಶಾಪು ಹೆಂಡತಿಯ ತಮ್ಮನದು. ಯಜಮಾನ ಭಾಮೈದನೇ ಆದರೂ ಅಲ್ಲಿ ನಡೆಯುವುದು ಮೇಸ್ತ್ರಿಯ ಮಾತು. ಭಾಮೈದನ ಕೆಲಸ ಏನಿದ್ದರೂ ಫೋನಿನಲ್ಲಿ ಗಿರಾಕಿಗಳಿಗೆ ಸುಳ್ಳು ಹೇಳುವುದು, ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ ಎಂದು.

ಮನೆಯಲ್ಲೂ ಮೇಸ್ತ್ರಿಯ ಕೈ ಸುಮ್ಮನಿರುವುದಿಲ್ಲ. ಬಾಗಿಲ ತಿರುಗಣಿ, ನಲ್ಲಿ, ಮಂಚದ ಕಾಲು, ಕುಕ್ಕರಿನ ಹಿಡಿ, ಎಲ್ಲವನ್ನೂ ವಾರಕ್ಕೊಮ್ಮೆ ಬಿಗಿ ಮಾಡುತ್ತಾರೆ. ಅವರು ಮುಚ್ಚಿದ ಡಬ್ಬಿಯನ್ನು ಇನ್ನೊಬ್ಬರು ತೆಗೆದ ಉದಾಹರಣೆ ಇಲ್ಲ. ಹೆಂಡತಿ ಸಕ್ಕರೆ ಡಬ್ಬಿ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ 'ಸ್ವಲ್ಪ ಇದನ್ನ ಬಿಚ್ಚಿ ಕೊಡ್ತೀರಾ' ಅಂದಾಗ, ಸಕ್ಕರೆ ಸಾಲ ಕೇಳಲು ಬಂದಿದ್ದಾಳೆ ಅಂದುಕೊಂಡವರೂ ಉಂಟು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕಂಡುಕೊಂಡ ಸಂಗತಿ ಏನೆಂದರೆ, ಗಂಡ ಪ್ರೀತಿಯ ಮಾತು ಆಡುವವರಲ್ಲ, ಏನಾದರೊಂದನ್ನು ಬಿಗಿ ಮಾಡುವವರು.

ಅವಳನ್ನು ಬೀದಿಯವರು ಟೈಲರಮ್ಮ ಅನ್ನುತ್ತಾರೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ದಪ್ಪಗಾದವರ ಬಟ್ಟೆಯ ಪಕ್ಕ ಬಿಚ್ಚಿ ಅಗಲ ಮಾಡುವುದು, ಇಂಥವೇ ಹೆಚ್ಚು. ಹೊಸ ಬಟ್ಟೆ ಹೊಲಿಸುವವರು ಈಗ ಯಾರು. ಬಗ್ಗಿ ಬಗ್ಗಿ ಕತ್ತಿನ ಹಿಂದೆ ಒಂದು ನೋವು ಬಂದು ಅಲ್ಲೇ ಮನೆ ಮಾಡಿಕೊಂಡಿದೆ. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಒಂದು ಮನೆಯಲ್ಲಿ ಒಬ್ಬರ ನೋವಿಗೆ ಮಾತ್ರ ಜಾಗ ಇರುತ್ತದೆ, ಮತ್ತು ಆ ವರ್ಷ ಆ ಜಾಗವನ್ನು ಮೇಸ್ತ್ರಿಯ ಬಲ ಮೊಣಕಾಲು ಹಿಡಿದುಕೊಂಡಿತ್ತು.

ಆದದ್ದಿಷ್ಟು. ವರ್ಕ್‌ಶಾಪಿನ ಮುಂದೆ ಲಾರಿಯಿಂದ ಉಕ್ಕಿನ ಸರಳು ಇಳಿಸುತ್ತಿದ್ದರು. ಮೇಸ್ತ್ರಿ ಲಾರಿಯ ಮೇಲೆ ನಿಂತು 'ಹಾಗಲ್ಲ, ಹೀಗೆ' ಅನ್ನುತ್ತಿದ್ದವರು, ಇಳಿಯುವಾಗ ಏಣಿ ತರಲಿ ಎಂದು ಕಾಯದೆ ಹಾರಿದರು. ಪಾದ ನೆಲದ ಸಂದಿಯಲ್ಲಿ ಸಿಕ್ಕಿ ನಿಂತಿತು, ಮೈ ತಿರುಗಿತು. ಮೊಣಕಾಲೊಳಗೆ 'ಟಪ್' ಎಂದು ಸದ್ದಾಯಿತಂತೆ, ಪಕ್ಕದಲ್ಲಿದ್ದ ಭಾಮೈದನಿಗೂ ಕೇಳಿಸಿತಂತೆ. ಅದು ಆನೆಕಾಲಿನ ಹಾಗೆ ಊದಿತು, ಇಳಿಯಿತು, ನೋವು ಹೋಯಿತು. ಆದರೆ ಆಮೇಲೆ ನಡೆಯುತ್ತ ನಡೆಯುತ್ತ, ಯಾವ ಕಾರಣವೂ ಇಲ್ಲದೆ, ಕಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರಿಬಿಡುತ್ತಿತ್ತು. 'ಭಾವನ ಮೊಣಕಾಲು ಕೈಕೊಡ್ತಾ ಇದೆ' ಎಂದು ಭಾಮೈದ ನಕ್ಕ. ನಕ್ಕವನೇ ಆಸ್ಪತ್ರೆಗೂ ಕರೆದುಕೊಂಡು ಹೋದ.

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ವಿಷಯವನ್ನು ಸರಳವಾಗಿ ಹೇಳಿದರು.

"ಮೊಣಕಾಲೊಳಗೆ ಮೇಲಿನ ಎಲುಬನ್ನ ಕೆಳಗಿನ ಎಲುಬಿಗೆ ಕಟ್ಟಿ ಹಿಡಿಯೋ ಒಂದು ಹಗ್ಗ ಇದೆ. ನಿಮ್ಮದು ಪೂರ್ತಿ ಕಿತ್ತುಹೋಗಿದೆ. ಅದನ್ನ ಹೊಲಿಯೋಕಾಗಲ್ಲ, ಹೊಸದು ಹಾಕಬೇಕು. ನಿಮ್ಮ ತೊಡೆ ಹಿಂದೆ ಇರೋ ನರದಂಥ ಪಟ್ಟಿನೇ ಸ್ವಲ್ಪ ತೆಗೆದು, ಎಲುಬಲ್ಲಿ ತೂತು ಮಾಡಿ, ಅದರೊಳಗಿಂದ ಎಳೀತೀವಿ. ಎಳೆದಿದ್ದು ವಾಪಸ್ ಜಾರಬಾರದಲ್ಲ? ಅದಕ್ಕೆ ತೂತಿನೊಳಗೆ ಅದರ ಪಕ್ಕದಲ್ಲೇ ಒಂದು ಸ್ಕ್ರೂ ತಿರುಗಿಸಿ ಅದುಮಿಬಿಡ್ತೀವಿ."

"ಬೆಣೆ ಹೊಡೆದ ಹಾಗೆ," ಎಂದರು ಮೇಸ್ತ್ರಿ.

"ಅದೇ," ಎಂದು ಡಾಕ್ಟರಮ್ಮ ಖುಷಿಯಾದರು. ಆ ಖುಷಿಯಲ್ಲೇ ಡ್ರಾಯರ್ ಎಳೆದದ್ದು.

ತಟ್ಟೆಯಲ್ಲಿದ್ದ ಮೊದಲನೆಯದು ಟೈಟಾನಿಯಂ ಎಂಬ ಲೋಹದ್ದು. ಗಟ್ಟಿ, ಮುರಿಯುವ ಭಯ ಇಲ್ಲ, ಆದರೆ ಜೀವಮಾನವಿಡೀ ಒಳಗೇ ಇರುತ್ತದೆ, ಮುಂದೆ ಸ್ಕ್ಯಾನ್ ಮಾಡಿದರೆ ಅದರ ಸುತ್ತ ಚಿತ್ರ ಮಸುಕಾಗುತ್ತದೆ, ಇನ್ನೊಂದು ಸಲ ಆಪರೇಷನ್ ಬೇಕಾದರೆ ಅದನ್ನು ಮೊದಲು ಕೀಳಬೇಕು. ಎರಡನೆಯದು ಬಿಳಿಯದು, ಒಂದೆರಡು ವರ್ಷದಲ್ಲಿ ತಾನೇ ಕರಗಿ ಎಲುಬಿನಲ್ಲಿ ಬೆರೆತುಹೋಗುವಂಥದು. ಕೆಲವೊಮ್ಮೆ ತಿರುಗಿಸುವಾಗಲೇ ಮುರಿಯುವುದುಂಟು, ಕೆಲವರಿಗೆ ಕರಗುವಾಗ ಸ್ವಲ್ಪ ಊತ ಬರುವುದುಂಟು. ಮೂರನೆಯದು ಕಂದು ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನಂಥದು, ಕರಗುವುದೂ ಇಲ್ಲ, ಸ್ಕ್ಯಾನಿಗೆ ಅಡ್ಡವೂ ಬರುವುದಿಲ್ಲ.

"ನಿಮ್ಮ ಕಾಲಿಗೆ ಯಾವುದಾದರೂ ನಡೆಯುತ್ತೆ," ಎಂದರು ಡಾಕ್ಟರಮ್ಮ. "ಆದರೆ ತುಂಬ ತಡ ಮಾಡಬೇಡಿ ಮೇಸ್ತ್ರಿಯವರೇ. ಹಗ್ಗ ಇಲ್ಲದ ಮೊಣಕಾಲು ಜಾರಿದಾಗೆಲ್ಲ ಒಳಗಿನ ಗಾದಿ ಸವೀತಾ ಹೋಗುತ್ತೆ. ಎರಡು ಎಲುಬಿನ ಮಧ್ಯೆ ಮೆತ್ತಗೆ ಒಂದು ಗಾದಿ ಇರುತ್ತೆ, ಸದ್ಯಕ್ಕೆ ನಿಮ್ಮದು ಚೆನ್ನಾಗಿದೆ."

ಮೇಸ್ತ್ರಿ ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟರು. ಬಿಳಿ ಸ್ಕ್ರೂವನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು, ಬೆಳಕಿಗೆ ತಿರುಗಿಸಿ, ಥ್ರೆಡ್ಡಿನ ಮೇಲೆ ಉಗುರು ಎಳೆದರು.

"ಇದರಲ್ಲಿ ಹರಿತವೇ ಇಲ್ಲವಲ್ಲ ಡಾಕ್ಟ್ರೇ. ಇದು ಥ್ರೆಡ್ಡೇ ಅಲ್ಲ. ನನ್ನ ಹತ್ರ ಕೆಲಸ ಕಲಿಯೋಕೆ ಬಂದವನು ಹೀಗೆ ಕಡೆದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ."

"ಹರಿತ ಇದ್ರೆ ಹೊಸ ಹಗ್ಗನೇ ಕತ್ತರಿಸಿಹೋಗುತ್ತೆ. ಬೇಕು ಅಂತಲೇ ಮೊಂಡು ಮಾಡಿರೋದು."

"ಕರಗೋ ಸ್ಕ್ರೂ," ಎಂದರು ಮೇಸ್ತ್ರಿ. ಸಾಬೂನಿನ ಸುತ್ತಿಗೆ ಎಂದು ಯಾರೋ ಹೇಳಿದಂತೆ ಅವರ ಮುಖ ಇತ್ತು. ಹಳೆಯದಾಗಿ ಎಸೆಯಬೇಕಾಗಿದ್ದ ಆ ಬಿಳಿ ಸ್ಕ್ರೂವನ್ನು ಡಾಕ್ಟರಮ್ಮ ಅವರಿಗೇ ಕೊಟ್ಟುಬಿಟ್ಟರು, ಮನೆಯಲ್ಲಿ ನೋಡಿಕೊಂಡು ಬೇಗ ತೀರ್ಮಾನ ಮಾಡಲಿ ಎಂದು. ಅವರು ಮಾಡಿದ ಎರಡನೆಯ ತಪ್ಪು ಅದು.

ಮನೆಗೆ ಬಂದು ಮೇಸ್ತ್ರಿ ಮಾಡಿದ ಮೊದಲ ಕೆಲಸ, ಗಾಜಿನ ಲೋಟದಲ್ಲಿ ಉಪ್ಪುನೀರು ತುಂಬಿ, ಸ್ಕ್ರೂವನ್ನು ಅದರಲ್ಲಿ ಹಾಕಿ, ಹೊಲಿಗೆ ಯಂತ್ರದ ಮೇಲಿನ ಕಿಟಕಿಯಲ್ಲಿ ಇಟ್ಟದ್ದು. ಮೈಯೊಳಗಿನ ನೀರೂ ಉಪ್ಪೇ ತಾನೇ ಎಂಬುದು ಅವರ ಲೆಕ್ಕ. ದಿನಾ ಬೆಳಿಗ್ಗೆ ಚಮಚದಲ್ಲಿ ಅದನ್ನು ಮೇಲೆತ್ತಿ, ಒರೆಸಿ, ವರ್ನಿಯರ್ ಹಿಡಿದು ಅಳೆಯುವರು. ಬಟ್ಟೆ ಕೊಡಲು ಬಂದ ಹೆಂಗಸರು ಲೋಟ ನೋಡಿ 'ಮೇಸ್ತ್ರಿಗಳ ಹಲ್ಲಾ?' ಎಂದು ಕೇಳಿದರು. ಟೈಲರಮ್ಮ ಮೊದಮೊದಲು ವಿವರಿಸಿದಳು. ಆಮೇಲೆ ಸಾಕಾಗಿ, ಹೌದು ಅನ್ನತೊಡಗಿದಳು.

ಸ್ಕ್ರೂ ಕರಗಲಿಲ್ಲ. ವಾರಗಳು ಕಳೆದವು, ಒಂದು ಎಳೆಯಷ್ಟೂ ಕರಗಲಿಲ್ಲ. ಕರಗುವುದಿಲ್ಲ ಎಂದಾದರೆ ಅದನ್ನೇ ಹಾಕಿಸಿಕೊಳ್ಳಬಹುದಿತ್ತು. ಆದರೆ ಮೇಸ್ತ್ರಿ ಹಾಗೆ ನೋಡಲಿಲ್ಲ. ಕರಗುತ್ತದೆ ಎಂದು ಹೇಳಿ ಕರಗದ್ದನ್ನು ನಂಬುವುದು ಹೇಗೆ ಎಂದರು. ಕರಗಿದ್ದಿದ್ದರೆ, ಇಷ್ಟು ಬೇಗ ಕರಗುವುದು ಹಿಡಿಯುತ್ತದೆಯೇ ಅನ್ನುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಸಂಜೆ ಅವಳು ಪ್ಯಾಂಟೊಂದಕ್ಕೆ ಉದ್ದುದ್ದ ಹೆಜ್ಜೆಯ ಕಚ್ಚಾ ಹೊಲಿಗೆ ಹಾಕುತ್ತ ಕೂತಿದ್ದಾಗ ಮಾತು ತೆಗೆದಳು.

"ಇಲ್ಲಿ ನೋಡ್ರಿ. ಈ ದಾರ ಎಳೆದರೆ ಬಂದುಬಿಡುತ್ತೆ, ಅಷ್ಟು ಸಡಿಲ. ಆದರೂ ಮಿಷನ್ ಹೊಲಿಗೆ ಬೀಳೋವರೆಗೆ ಬಟ್ಟೇನ ಹಿಡಿದಿರುತ್ತೆ. ಹೊಲಿಗೆ ಬಿದ್ದ ಮೇಲೆ ಇದನ್ನ ನಾನೇ ಕಿತ್ತು ಬಿಸಾಕ್ತೀನಿ. ಡಾಕ್ಟರಮ್ಮ ಹೇಳಿದ್ದೂ ಇದೇ ಅಲ್ವಾ? ಎರಡು ಮೂರು ತಿಂಗಳು ಸ್ಕ್ರೂ ಹಿಡಿದ್ರೆ ಸಾಕು, ಆಮೇಲೆ ಎಲುಬೇ ಬೆಳೆದು ಹಗ್ಗಾನ ಹಿಡ್ಕೊಳ್ಳುತ್ತೆ ಅಂತ."

ಮೇಸ್ತ್ರಿ ದಾರವನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಅವರ ಮುಖದಲ್ಲೇ ಕಂಡಿತು.

"ಬಟ್ಟೆ ಬೇರೆ ಕಣೇ," ಎಂದರು. "ಬಟ್ಟೆ ಮೇಲೆ ಯಾರೂ ನಿಲ್ಲಲ್ಲ."

ಅಲ್ಲಿಂದ ಮುಂದೆ ಅವರು ಲೋಹದ ಪಕ್ಷ ವಹಿಸಿದರು. ವರ್ಕ್‌ಶಾಪಿನಲ್ಲಿ ಬಿಡುವಾದಾಗ ಹಿತ್ತಾಳೆಯ ತುಂಡೊಂದನ್ನು ಹಾಕಿ ಮೊಣಕಾಲಿನ ಸ್ಕ್ರೂ ತಾವೇ ಕಡೆದರು. ಮರದ ತುಂಡಿಗೆ ತೂತು ಕೊರೆದು, ಹತ್ತಿಯ ಹಗ್ಗ ತೂರಿಸಿ, ಸ್ಕ್ರೂ ತಿರುಗಿಸಿ, ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ನೇತುಹಾಕಿದರು. ಮೊದಲ ಸಲ ಥ್ರೆಡ್ಡಿನ ಅಂಚಿಗೆ ಹಗ್ಗ ಕುಯ್ದುಹೋಗಿ ಗುಂಡು ಕೆಳಗೆ ಬಿತ್ತು. ಅಂಚನ್ನು ಮೊಂಡು ಮಾಡಿದರು, ಹಗ್ಗ ನಿಂತಿತು. ಇನ್ನಷ್ಟು ಮೊಂಡು ಮಾಡಿದರು, ಇನ್ನೂ ಚೆನ್ನಾಗಿ ನಿಂತಿತು. ಕೊನೆಗೆ ಕೈಗೆ ಬಂದದ್ದು ಡಾಕ್ಟರಮ್ಮನ ತಟ್ಟೆಯಲ್ಲಿದ್ದ ಸ್ಕ್ರೂವಿನದೇ ಪಡಿಯಚ್ಚು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

"ಸರಿ ಹೋಯ್ತಲ್ಲ ಭಾವ," ಎಂದ ಭಾಮೈದ. "ಇನ್ನು ಹೋಗಿ ಹಾಕಿಸ್ಕೊಂಡು ಬನ್ನಿ. ಬೇಕಿದ್ರೆ ಇದನ್ನೇ ತಗೊಂಡು ಹೋಗಿ, ನಮ್ಮ ವರ್ಕ್‌ಶಾಪ್ ಮಾಲು ಅಂತ ಹೇಳಿ."

"ಚಳಿಯಲ್ಲಿ ಲೋಹ ಕುಗ್ಗುತ್ತೆ," ಎಂದರು ಮೇಸ್ತ್ರಿ.

"ನಿಮ್ಮ ಮೈಯೊಳಗೆ ಎಂಥ ಚಳಿ ಭಾವ?"

ಆ ವಾರದಿಂದ ಮೇಸ್ತ್ರಿ ಮೂರನೆಯ ಕಂದು ಸ್ಕ್ರೂವಿನ ಕಡೆ ವಾಲಿದರು. ಅದರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲದ್ದರಿಂದ ವಿಚಾರಿಸಲು ಬೇಕಾದಷ್ಟು ದಿನ ಸಿಕ್ಕಿತು. ಹೀಗೆ ಮೀನಮೇಷ ಎಣಿಸುತ್ತ ಬೇಸಿಗೆ ಕಳೆಯಿತು, ಅದರ ಮುಂದಿನ ಕಾಲವೂ ಕಳೆಯಿತು. ಆಸ್ಪತ್ರೆಯಿಂದ ಫೋನ್ ಬಂದರೆ ಎತ್ತುವುದು ಟೈಲರಮ್ಮ. 'ಇನ್ನೊಂದು ಸ್ವಲ್ಪ ದಿನ' ಎಂದು ಹೇಳಿ ಹೇಳಿ, ತಮ್ಮ ತನ್ನ ಗಿರಾಕಿಗಳಿಗೆ ಹೇಳುವ ಸುಳ್ಳು ಈಗ ತನ್ನ ಬಾಯಿಗೂ ಬಂತಲ್ಲ ಎಂದು ಅವಳಿಗೆ ಬೇಸರವಾಗುತ್ತಿತ್ತು.

ಈ ನಡುವೆ ಕಾಲು ಸುಮ್ಮನಿರಲಿಲ್ಲ. ಬಚ್ಚಲಿನ ಹೊಸ್ತಿಲಲ್ಲಿ ಜಾರಿತು. ಬಸ್ಸಿನ ಮೆಟ್ಟಿಲಲ್ಲಿ ಜಾರಿತು. ರಸ್ತೆ ದಾಟುವಾಗ ಒಮ್ಮೆ ಜಾರಿ, ಅವಳ ಭುಜ ಹಿಡಿದುಕೊಂಡರು. ಜಾರಿದಾಗಲೆಲ್ಲ ಮೇಸ್ತ್ರಿ ಸುತ್ತ ನೋಡಿ, ಕಲ್ಲೋ ಸಿಪ್ಪೆಯೋ ಏನಾದರೊಂದನ್ನು ಹುಡುಕಿ ಅದನ್ನು ಬೈಯುವರು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಹೆಂಡತಿ ಹತ್ತು ಹೆಜ್ಜೆ ಬಿಟ್ಟು ಹಿಂದೆ ನಡೆಯುತ್ತಿದ್ದವಳು, ಈಗ ಮೈಗೆ ಮೈ ತಾಗಿಸಿಕೊಂಡೇ ನಡೆಯತೊಡಗಿದಳು. ಅಂಗಡಿಗೆ ಹೋಗಿ ಬರುವುದೂ ಅವಳೇ, ಸಿಲಿಂಡರ್ ಉರುಳಿಸುವುದೂ ಅವಳೇ. ಸಂಜೆಯ ಹೊತ್ತಿಗೆ ಸೂಜಿಗೆ ದಾರ ಪೋಣಿಸಲೂ ಬೇಡವೆನ್ನುವಷ್ಟು ದಣಿದಿರುತ್ತಿದ್ದಳು.

ಇಷ್ಟಕ್ಕೂ ಇದು ಸ್ಕ್ರೂವಿನ ಮಾತೇ ಅಲ್ಲ ಎಂಬುದು ಅವಳಿಗೆ ಮೊದಲ ದಿನವೇ ಗೊತ್ತಿತ್ತು.

ಗೊತ್ತಾದದ್ದು ಹೇಗೆಂದರೆ, ಡಾಕ್ಟರಮ್ಮನನ್ನು ಮೇಸ್ತ್ರಿ ಸ್ಕ್ರೂವಿನ ಬಗ್ಗೆ ನೂರು ಪ್ರಶ್ನೆ ಕೇಳಿದರು, ತಮ್ಮ ಬಗ್ಗೆ ಒಂದೂ ಕೇಳಲಿಲ್ಲ. ಎಲ್ಲಿ ಕುಯ್ಯುತ್ತೀರಿ, ಎಷ್ಟು ಹೊತ್ತು, ನನಗೆ ಎಚ್ಚರ ಇರುತ್ತದೋ ಇಲ್ಲವೋ, ಯಾವುದೂ ಇಲ್ಲ. ಹೊರಗೆ ಬರುವಾಗ ಕಾರಿಡಾರಿನಲ್ಲಿ ಯಾರನ್ನೋ ಗಾಲಿಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಬಂದರು. ಮೇಸ್ತ್ರಿ ಗೋಡೆಯ ಕಡೆ ತಿರುಗಿ, ಅಲ್ಲಿ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಮೊಳೆ ಸಡಿಲವಾಗಿದೆಯೇ ಎಂದು ಮುಟ್ಟಿ ನೋಡುತ್ತ ನಿಂತರು. ಮಂಚ ಹೋದ ಮೇಲೂ ನಿಂತೇ ಇದ್ದರು.

ವರ್ಕ್‌ಶಾಪಿನಲ್ಲಿ ಅವರದೊಂದು ಕಟ್ಟಳೆ ಇದೆ. ಯಂತ್ರದ ಬಾಯಿಗೆ ಕೈ ಹಾಕುವ ಮೊದಲು ಗೋಡೆಯ ಫ್ಯೂಸ್ ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಸ್ವಿಚ್ಚು ಆರಿಸಿದರೆ ಸಾಲದು, ಯಾರೋ ಬಂದು ಒತ್ತಿಬಿಡುತ್ತಾರೆ. ಪಕ್ಕದವನಿಗೆ 'ಹಿಡ್ಕೋ' ಎಂದು ಕೊಡುವುದೂ ಇಲ್ಲ. ಯಾರ ಕೈ ಒಳಗಿದೆಯೋ ಅವರ ಜೇಬಿನಲ್ಲೇ ಫ್ಯೂಸ್ ಇರಬೇಕು. ಆ ಕಸುಬಿನಲ್ಲಿ ಇದ್ದೂ ಮೇಸ್ತ್ರಿಯ ಹತ್ತು ಬೆರಳು ಹತ್ತೂ ಉಳಿದಿರುವುದು ಈ ಕಟ್ಟಳೆಯಿಂದಲೇ. ಅಂಥವರನ್ನು ಮಲಗಿಸಿ, ಸೊಂಟದ ಕೆಳಗೆ ಜೋಮು ಹಿಡಿಸಿ, ಅಡ್ಡಕ್ಕೊಂದು ಪರದೆ ಕಟ್ಟಿ, ಆಚೆ ಯಾರೋ ಎಲುಬಿಗೆ ತೂತು ಕೊರೆಯುತ್ತಾರೆ ಎಂದರೆ, ಫ್ಯೂಸ್ ಯಾರ ಜೇಬಿನಲ್ಲಿ? ಅವರಿಗೆ ಹೆದರಿಕೆಯಾಗಿತ್ತು. ಆ ಹೆದರಿಕೆಗೆ ಸ್ಕ್ರೂ ಎಂದು ಹೆಸರಿಟ್ಟುಕೊಂಡು ಊರೆಲ್ಲ ಹೊತ್ತು ತಿರುಗುತ್ತಿದ್ದರು.

ಟೈಲರಮ್ಮ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹಿಂದೊಮ್ಮೆ, ಮದುವೆಯಾದ ಹೊಸದರಲ್ಲಿ, ಪಕ್ಕದ ಮನೆಯ ನಾಯಿಗೆ ಇವರು ಹೆದರುತ್ತಾರೆ ಎಂದು ತಮ್ಮನ ಎದುರು ನಗುತ್ತ ಹೇಳಿದ್ದಳು. ಮೇಸ್ತ್ರಿ ಅದಾದ ಮೇಲೆ ವಾರಗಟ್ಟಲೆ ಮಾತಾಡಿರಲಿಲ್ಲ. ಆ ಮನೆಯ ಮುಂದೆಯೇ ದಿನಾ ಬೇಕೆಂದು ನಡೆದು ಹೋಗಿ, ಒಂದು ದಿನ ಕಚ್ಚಿಸಿಕೊಂಡೂ ಬಂದಿದ್ದರು. ಅಂದಿನಿಂದ ಅವಳು ಒಂದು ಪಾಠ ಕಲಿತಿದ್ದಳು, ಗಂಡನ ಹೆದರಿಕೆಯನ್ನು ಕಂಡರೂ ಕಾಣದ ಹಾಗೆ ದಾಟಿ ಹೋಗಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಲೋಟದ ನೀರು ಬದಲಿಸಿಕೊಟ್ಟಳು, ಹತ್ತಿಯ ಹಗ್ಗ ತಂದುಕೊಟ್ಟಳು, ಚಳಿಯಲ್ಲಿ ಲೋಹ ಕುಗ್ಗುತ್ತದೆ ಎಂದಾಗ 'ಹೌದಾ' ಎಂದು ಕೇಳಿದಳು. ಅದನ್ನು ಅವಳು ತಾಳ್ಮೆ ಅಂದುಕೊಂಡಿದ್ದಳು. ಸುಮ್ಮನಿರುವುದು ಜಗಳಕ್ಕಿಂತ ಕಡಿಮೆ ಆಯಾಸದ ಕೆಲಸ ಎಂಬುದೂ ಅದರಲ್ಲಿ ಸೇರಿತ್ತು, ಅದನ್ನು ಮಾತ್ರ ಅವಳು ತನಗೂ ಹೇಳಿಕೊಂಡಿರಲಿಲ್ಲ.

ಒಂದು ದಿನ ಮಧ್ಯಾಹ್ನ ತಮ್ಮನ ಫೋನ್ ಬಂತು. ನಗುವಿರಲಿಲ್ಲ.

"ಅಕ್ಕ, ಭಾವ ಕೆಳಗೆ ಬಿದ್ದ ಚಾವಿ ಎತ್ಕೊಳ್ಳೋಕೆ ಕುಕ್ಕರುಗಾಲಲ್ಲಿ ಕೂತರು. ಏಳೋಕಾಗ್ತಿಲ್ಲ. ಕಾಲು ಮಡಚಿದ್ದು ಮಡಚಿದ ಹಾಗೇ ಇದೆ, ನೇರ ಆಗ್ತಾನೇ ಇಲ್ಲ. ನೀನು ಸೀದಾ ಆಸ್ಪತ್ರೆಗೆ ಬಾ."

ಸೂಜಿ ಬಟ್ಟೆಯೊಳಗೆ ಇಳಿದಿದ್ದ ಹಾಗೆಯೇ ಬಿಟ್ಟು ಅವಳು ಹೊರಟಳು. ಆಸ್ಪತ್ರೆಯಲ್ಲಿ ಮೇಸ್ತ್ರಿ ಗಾಲಿಮಂಚದ ಮೇಲೆ ಒರಗಿದ್ದರು, ಬಲಗಾಲು ಮಡಚಿ ಗುಡಾರದ ಹಾಗೆ ಎದ್ದಿತ್ತು, ಅಂಗೈಯಲ್ಲಿ ಇನ್ನೂ ಗ್ರೀಸು. ಹೆಂಡತಿಯನ್ನು ಕಂಡು, "ನೆಲದ ಮೇಲೆ ಎಣ್ಣೆ ಇತ್ತು," ಎಂದರು. ಹಿಂದೆ ನಿಂತಿದ್ದ ತಮ್ಮ ಇಲ್ಲವೆಂದು ತಲೆಯಾಡಿಸಿದ.

ಮತ್ತೆ ಸ್ಕ್ಯಾನ್. ಡಾಕ್ಟರಮ್ಮ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ತುಂಬ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಟೈಲರಮ್ಮನಿಗೆ ಅನ್ನಿಸಿತು.

"ಗಾದಿ ಹರಿದು ಮಡಚಿಕೊಂಡು ಸಂದಿಯಲ್ಲಿ ಸಿಕ್ಕಿದೆ. ಅದಕ್ಕೇ ಕಾಲು ನೇರ ಆಗ್ತಿಲ್ಲ. ಹೊಲಿಯೋ ಹಾಗಿದ್ರೆ ಹೊಲೀತೀನಿ, ಆದರೆ ಇದು ಒಂದೇ ಸಲ ಹರಿದಿದ್ದಲ್ಲ. ಅಂಚೆಲ್ಲ ಚಿಂದಿ ಆಗಿದೆ. ಬಹುಶಃ ಹೆಚ್ಚಿನ ಭಾಗ ತೆಗೀಬೇಕಾಗುತ್ತೆ."

"ತೆಗೆದ ಮೇಲೆ?" ಎಂದು ಕೇಳಿದವಳು ಅವಳು.

"ಹಗ್ಗ ಹೊಸದು ಹಾಕಬಹುದು ಅಮ್ಮ. ಗಾದಿ ಹೊಸದು ನನ್ನ ಹತ್ರ ಇಲ್ಲ. ನಡೀತಾರೆ, ಮನೆ ಕೆಲಸ ಮಾಡ್ಕೋತಾರೆ. ಇಡೀ ದಿನ ನಿಂತು ಮಾಡೋ ಕೆಲಸ ಇನ್ನು ಬೇಡ. ಮಾಡಿದ್ರೆ ಎಲುಬಿಗೆ ಎಲುಬು ಉಜ್ಜಿ ಬೇಗ ಹೋಗುತ್ತೆ." ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, ಹಳೆಯ ಮರ್ಯಾದೆಯಲ್ಲೇ ಕೇಳಿದರು, "ಸ್ಕ್ರೂ ಯಾವುದು ಅಂತ ತೀರ್ಮಾನ ಮಾಡಿದ್ರಾ?"

ಮೇಸ್ತ್ರಿ ತಮ್ಮ ಅಂಗೈಯ ಗ್ರೀಸನ್ನು ನೋಡಿಕೊಂಡರು.

"ನೀವೇ ನೋಡಿ ಯಾವುದಾದರೂ ಹಾಕಿ," ಎಂದರು.

ಆಪರೇಷನ್ ಆಯಿತು. ಅವಳು ಬಾಗಿಲಾಚೆ ಉಕ್ಕಿನ ಬೆಂಚಿನ ಮೇಲೆ ತಮ್ಮನ ಪಕ್ಕ ಕೂತಿದ್ದಳು. ಯಾವ ಸ್ಕ್ರೂ ಹಾಕಿದರೋ, ಬಿಡುಗಡೆಯ ದಿನ ಕೊಟ್ಟ ಕಾಗದದಲ್ಲಿ ಅಚ್ಚಾಗಿತ್ತು. ಮೇಸ್ತ್ರಿ ಓದಲಿಲ್ಲ, ಅವಳೂ ಓದಲಿಲ್ಲ. ಕಿಟಕಿಯ ಲೋಟವನ್ನು ಅವರು ಬರುವ ಮೊದಲೇ ತೊಳೆದು ಒಳಗಿಟ್ಟಿದ್ದಳು.

ಆಮೇಲಿನದು ಬರೀ ದುಡಿತ. ಹಾಸಿಗೆಯ ಮೇಲೆ ಕಾಲು ಚಾಚಿ ಹಿಮ್ಮಡಿಯನ್ನು ಒಂದಿಷ್ಟು ಎಳೆದುಕೊಳ್ಳುವುದು, ಬಿಡುವುದು, ಮತ್ತೆ ಎಳೆದುಕೊಳ್ಳುವುದು. ಊರುಗೋಲು ಎರಡು, ಆಮೇಲೆ ಒಂದು, ಆಮೇಲೆ ಗೋಡೆ. ವ್ಯಾಯಾಮ ಹೇಳಿಕೊಡುವವಳು ಮೊಣಕಾಲನ್ನು ಬಗ್ಗಿಸಿದಾಗ ಮೇಸ್ತ್ರಿ ಹಲ್ಲು ಕಚ್ಚಿ ಬಾಗಿಲ ಚಿಲಕವನ್ನು ದಿಟ್ಟಿಸುತ್ತಿದ್ದರು. ಹಗ್ಗ ಚೆನ್ನಾಗಿ ಹತ್ತಿಕೊಂಡಿತು. ಕಾಲು ಮತ್ತೆ ಎಂದೂ ಜಾರಲಿಲ್ಲ. ಹೊತ್ತು ಮೀರಿದ ಮೇಲೆ ಎಲ್ಲವೂ ಸರಿಯಾಗಿ ನಡೆಯಿತು.

ವರ್ಕ್‌ಶಾಪಿಗೆ ಮತ್ತೆ ಹೋದ ದಿನ ಅವಳೂ ಜೊತೆಗೆ ಹೋಗಿದ್ದಳು. ಭಾಮೈದ ಬಾಗಿಲ ಬಳಿ, ಬೆಳಕು ಚೆನ್ನಾಗಿ ಬೀಳುವ ಕಡೆ, ಒಂದು ಬೆಂಚು ಹಾಕಿಸಿ, ಬೆನ್ನು ಒರಗುವ ಕುರ್ಚಿ ಇಟ್ಟು, ಮೇಲೊಂದು ದೀಪ ಕಟ್ಟಿಸಿದ್ದ. ಬೇರೆಯವರು ಕಡೆದ ಬೋಲ್ಟುಗಳನ್ನು ಅಲ್ಲಿ ಕೂತು ಪರೀಕ್ಷೆ ಮಾಡಿ ಹೇಳಬೇಕು, ಇದು ಸರಿ, ಇದು ಸರಿಯಿಲ್ಲ ಎಂದು. "ನಿಮ್ಮ ಕಣ್ಣು ತಪ್ಪಿಸಿ ಇಲ್ಲಿಂದ ಒಂದು ಮಾಲೂ ಆಚೆ ಹೋಗಬಾರದು ಭಾವ, ಎಲ್ಲಕ್ಕಿಂತ ದೊಡ್ಡ ಕೆಲಸ ಇದು," ಎಂದ. ಒಳ್ಳೆಯ ಮನಸ್ಸಿನ ಸುಳ್ಳುಗಾರ. ಮೇಸ್ತ್ರಿ ತಲೆಯಾಡಿಸಿ, ಮೊದಲು ತಮ್ಮ ಹಳೆಯ ಲೇತಿನ ಹತ್ತಿರ ಹೋದರು. ಅಲ್ಲಿ ಬೇರೊಬ್ಬ ನಿಂತಿದ್ದ. ಅವನು ಸರಿದು ಜಾಗ ಬಿಟ್ಟ. ಮೇಸ್ತ್ರಿ ಹಿಡಿಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತು, ಯಂತ್ರ ಚಾಲೂ ಮಾಡದೆ, ಬಂದು ಕುರ್ಚಿಯಲ್ಲಿ ಕೂತರು.

ಆ ಸಂಜೆ ಅವಳು ಹೊಲಿಗೆ ಯಂತ್ರದ ಮುಂದೆ ಒಂದು ಕೋಟಿನ ಒಳಗಿನ ಅಸ್ತರು ಹೊಲಿಯುತ್ತಿದ್ದಳು. ಮೇಸ್ತ್ರಿ ಪಕ್ಕದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಅವಳು ಉದುರಿಸಿದ ಗುಂಡುಸೂಜಿಗಳನ್ನು ಅಯಸ್ಕಾಂತದಿಂದ ಒಟ್ಟು ಮಾಡುತ್ತಿದ್ದರು.

"ನನಗೆ ಹೆದರಿಕೆ ಆಗಿತ್ತು ಕಣೇ," ಎಂದರು. "ಸ್ಕ್ರೂ ಗಿಕ್ರೂ ಏನೂ ಅಲ್ಲ."

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ದಿನದಿಂದ."

ಅವರು ಅಯಸ್ಕಾಂತವನ್ನು ಕೆಳಗಿಟ್ಟರು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ಹೇಳಿದ್ರೂ ನೀವು ಹೋಗ್ತಿದ್ರಾ?"

ಇಷ್ಟು ತಿಂಗಳೂ ಅವಳು ತನ್ನನ್ನು ತಾನು ಸಮಾಧಾನ ಮಾಡಿಕೊಂಡು ಬಂದದ್ದು ಈ ಪ್ರಶ್ನೆಯಿಂದಲೇ. ಅದಕ್ಕೆ ಉತ್ತರ 'ಇಲ್ಲ, ಹೋಗುತ್ತಿರಲಿಲ್ಲ' ಎಂದೇ ಅವಳು ನಂಬಿದ್ದಳು. ಅಷ್ಟು ಖಾತ್ರಿ ಇದ್ದದ್ದರಿಂದ ಅವಳು ಹೊಲಿಗೆಯನ್ನೂ ನಿಲ್ಲಿಸಿರಲಿಲ್ಲ. ಮೇಸ್ತ್ರಿ ಯೋಚಿಸಿದರು. ಯಾರು ಏನು ಕೇಳಿದರೂ ಅಳೆದೇ ಹೇಳುವ ಮನುಷ್ಯ, ಇದನ್ನೂ ಅಳೆದೇ ಹೇಳಿದರು.

"ಹೋಗ್ತಿದ್ದೆ. 'ನಿಮಗೆ ಹೆದರಿಕೆ ಅಂತ ನನಗೂ ಗೊತ್ತು, ಹೆದರಿಕೆ ಇರಲಿ, ನಾನು ಇರ್ತೀನಿ ನಡೀರಿ' ಅಂತ ನೀನು ಅಂದಿದ್ರೆ, ಹೋಗ್ತಿದ್ದೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಿರುಗಿಸಿ ಏನಾದರೂ ಹೇಳುತ್ತಿದ್ದ ಅವಳು, ಹೊಲಿಗೆ ಯಂತ್ರವನ್ನು ನಿಲ್ಲಿಸಿದಳು.